ಕೇಳಿ ನೋಡಿ: ಗುಡ್ಡ ಇಳಿಯುವ ಬಸ್ಸು ಹತ್ತು

ಜುಲೈ ಬಂತೆಂದರೆ ನನಗೆ ಬರುವ ಪತ್ರಗಳ ಜಾತಿಯೇ ಬದಲಾಗುತ್ತದೆ. ಮೊಣಕಾಲು ನೋವು, ಸೊಸೆಯ ದೂರು ಎಲ್ಲ ಪಕ್ಕಕ್ಕೆ ಸರಿದು ಅಡ್ಮಿಶನ್, ಹಾಸ್ಟೆಲ್, ರೈಲು ಟಿಕೆಟ್ ಶುರುವಾಗುತ್ತದೆ. ಈ ಸಲ ಮಣಿಪಾಲದ್ದೇ ಜಾಸ್ತಿ. ನಾನು ಘಾಟ್‌ಕೋಪರ್‌ನ ಚಾಳಿನಲ್ಲಿ ಬೆಳೆದು, ಎಂಬತ್ತರ ದಶಕದಲ್ಲಿ ಮಣಿಪಾಲದಲ್ಲಿ ಬಿ.ಫಾರ್ಮ್ ಓದಿ, ಈಗ ಡೊಂಬಿವಲಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವವಳು ಅಂತ ಹಳೇ ಓದುಗರಿಗೆ ಗೊತ್ತು. ನನ್ನ ಮಗ, ಅಕ್ಕನ ಮಗಳು ಇಬ್ಬರೂ ಆಮೇಲೆ ಅಲ್ಲೇ ಓದಿದರು. ಹಾಗಾಗಿ ಹಳೇ ಮಣಿಪಾಲವೂ ಗೊತ್ತು, ಹೊಸದೂ ಅಷ್ಟಿಷ್ಟು ಗೊತ್ತು. ಈ ಸಂಚಿಕೆ ಪೂರ್ತಿ ಆ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಇರಲಿ. ಮೊಣಕಾಲಿನವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಅಕ್ಕಾ, ನನಗೆ ಮಣಿಪಾಲದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಹುಟ್ಟಿ ಬೆಳೆದದ್ದೆಲ್ಲ ಮುಲುಂಡ್. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಆದರೆ ನನಗೆ ಓದಲು ಬರೆಯಲು ಬರುವುದಿಲ್ಲ. ಇದನ್ನೂ ಅಮ್ಮನೇ ಬರೆದುಕೊಡುತ್ತಿದ್ದಾರೆ. ಅಷ್ಟು ಸಣ್ಣ ಊರಲ್ಲಿ ನಾಲ್ಕು ವರ್ಷ ಹೇಗೆ ಕಳೆಯುವುದು? ಮೊದಮೊದಲು ಎಲ್ಲಿಗೆ ಹೋಗಿ ಬರಲಿ?
ಮುಲುಂಡ್‌ನ ಹುಡುಗಿ

ಉತ್ತರ: ಮಗಳೇ, ಮಣಿಪಾಲ ಸಣ್ಣ ಊರು ಹೌದು, ಆದರೆ ನಿನ್ನ ತಲೆಯಲ್ಲಿರುವ ಥರದ ಸಣ್ಣ ಊರಲ್ಲ. ಮುರಕಲ್ಲಿನ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮೆಡಿಕಲ್ ಕಾಲೇಜು ಶುರುಮಾಡಿದರು. 1957ರಲ್ಲಿ ಇಂಜಿನಿಯರಿಂಗ್ ಬಂತು, 1963ರಲ್ಲಿ ನಮ್ಮ ಫಾರ್ಮಸಿ. ಕಾಲೇಜು ಮೊದಲು, ಅದರ ಸುತ್ತ ಊರು ಆಮೇಲೆ. ಅದಕ್ಕೇ ಅಲ್ಲಿ ವಿದ್ಯಾರ್ಥಿಗೆ ಬೇಕಾದ್ದೆಲ್ಲ ಕಾಲಳತೆಯಲ್ಲೇ ಸಿಗುತ್ತದೆ. ಪಿಜ್ಜಾ, ಮೊಮೊ, ಜೆರಾಕ್ಸ್, ಪಾರ್ಲರ್, ಎಲ್ಲ. ದೇಶದ ಎಲ್ಲ ಮೂಲೆಯ ಮಕ್ಕಳೂ ಇರುತ್ತಾರೆ. ಬರೀ ಹಿಂದಿ, ಇಂಗ್ಲಿಷಿನಲ್ಲಿ ಡಿಗ್ರಿ ಮುಗಿಸಿ ವಾಪಸ್ ಬರಬಹುದು. ತುಂಬ ಜನ ಹಾಗೇ ಬರುತ್ತಾರೆ. ಐದಾರು ಕಿಲೋಮೀಟರ್ ಕೆಳಗಿರುವ ಉಡುಪಿಯನ್ನು ರೈಲು ಹಿಡಿಯುವ ದಿನ ಮಾತ್ರ ಕಂಡವರನ್ನು ನಾನು ಬಲ್ಲೆ. ಬೋರು ಹೊಡೆಯಿತು ಅಂತ ಗೊಣಗುವವರೂ ಅವರೇ.

ಹಾಗಾಗಿ ನಿನಗೆ ಹೇಳುವುದು ಇಷ್ಟೇ. ಮೊದಲ ತಿಂಗಳಲ್ಲೇ ಗುಡ್ಡ ಇಳಿಯುವ ಬಸ್ಸು ಹತ್ತು. ಗ್ಯಾಂಗು ಕಟ್ಟಿಕೊಳ್ಳುವ ಮೊದಲೇ ಹತ್ತು. ಹತ್ತು ಜನರ ಗ್ಯಾಂಗು ಆಯಿತೋ, ಎಲ್ಲಿಗೆ ಹೋಗುವುದು ಅಂತ ತೀರ್ಮಾನ ಆಗುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ಕೊನೆಗೆ ಟೈಗರ್ ಸರ್ಕಲ್ ಹತ್ತಿರದ ಅದೇ ಕೆಫೆ, ಅದೇ ಫ್ರೈಸ್. ಒಬ್ಬಳೇ ಹೋಗು, ಇಲ್ಲವೇ ರೂಮ್‌ಮೇಟನ್ನು ಕರೆದುಕೊಂಡು ಹೋಗು. ಹಗಲು ಹೊತ್ತು ಆ ಕಡೆ ಒಬ್ಬಳೇ ಓಡಾಡಲು ಮುಲುಂಡ್ ಹುಡುಗಿ ಹೆದರಬೇಕಾಗಿಲ್ಲ.

ಊರೊಳಗಿನ ಬಸ್ಸುಗಳು ಬಹುಪಾಲು ಖಾಸಗಿಯವು. ಕಂಡಕ್ಟರ್ ಬಾಗಿಲಲ್ಲೇ ನಿಂತು ಸೀಟಿ ಊದುತ್ತಾನೆ, 'ರೈಟ್ ಪೋಯಿ' ಎಂದು ಕೂಗುತ್ತಾನೆ. ನೀನು ಹತ್ತಿದೆಯೋ ಇಲ್ಲವೋ, ಬಸ್ಸು ಹೊರಟಿರುತ್ತದೆ. ವಿರಾರ್ ಲೋಕಲ್ ಹತ್ತಿದವರಿಗೆ ಇದೇನೂ ದೊಡ್ಡದಲ್ಲ. ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಅಂತ ನಂಬಿಕೊಂಡು ಮಾತ್ರ ಹೋಗಬೇಡ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ, ಅದೂ ಕರ್ನಾಟಕದ ವಿಳಾಸ ಇದ್ದವರಿಗೆ. ನಿನ್ನ ಆಧಾರ್‌ನಲ್ಲಿ ಮುಲುಂಡ್ ಇದೆ ಅಲ್ವಾ? ಚಿಲ್ಲರೆ ಇಟ್ಟುಕೋ.

ಮೊದಲ ಸಲ ಉಡುಪಿಯ ರಥಬೀದಿಗೇ ಹೋಗು. ಭಕ್ತಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕೃಷ್ಣ ಮಠ, ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಅಷ್ಟ ಮಠಗಳು, ಎಲ್ಲ ಒಂದು ಸುತ್ತಿನಲ್ಲಿ ಮುಗಿಯುತ್ತದೆ. ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ಕಿಂಡಿಯಲ್ಲಿ ಬಗ್ಗಿ. ಹೊರಗೆ ಬಂದ ಮೇಲೆ ಮಿತ್ರ ಸಮಾಜ ಹೋಟೆಲಿಗೆ ಹೋಗಿ ಗೋಳಿಬಜೆ ತಿನ್ನು. ಮಳೆ ಸುರಿಯುತ್ತಿರಬೇಕು, ಆಗಲೇ ಅದಕ್ಕೆ ರುಚಿ. ಬಾಣಲೆಯಿಂದ ಆಗಷ್ಟೇ ತೆಗೆದದ್ದು ತಂದಿಟ್ಟರೆ ಕೂಡಲೇ ಬಾಯಿಗೆ ಹಾಕಬೇಡ, ನಾಲಿಗೆ ಸುಟ್ಟೀತು. ಬೆರಳಿನಲ್ಲಿ ಮುರಿದರೆ ಹೊರಗಿನ ಕೆಂಪು ಸಿಪ್ಪೆ ಚೂರು ಗರಿಗರಿ, ಒಳಗೆ ಬಿಳೀ ಬಲೆ ಬಲೆ. ಹುಳಿ ಮೊಸರಿನ ವಾಸನೆಯ ಹಬೆ ಮೂಗಿಗೆ ಬಡಿಯುತ್ತದೆ, ನಡುವೆ ಶುಂಠಿ, ಹಸಿಮೆಣಸು ಸಿಗುತ್ತದೆ. ಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುವುದು. ಮಾಟುಂಗದಲ್ಲೂ ಸಿಗುತ್ತದೆ, ನಾನು ಈಗಲೂ ಅಲ್ಲಿ ತಿನ್ನುತ್ತೇನೆ, ಆದರೆ ಅದೇ ಅಂತ ಹೇಳಲಾರೆ. ಇನ್ನೊಂದು ದಿನ ಗಡ್‌ಬಡ್ ತಿನ್ನು. ಉದ್ದ ಗ್ಲಾಸು, ಉದ್ದ ಚಮಚ, ಜೆಲ್ಲಿ, ಹಣ್ಣು, ಬೇರೆ ಬೇರೆ ಐಸ್‌ಕ್ರೀಮು. ಅದು ಹುಟ್ಟಿದ್ದೇ ಉಡುಪಿಯ ಡಯಾನಾದಲ್ಲಿ ಅಂತ ಊರವರ ಮಾತು. ಮಂಗಳೂರಿನವರ ಎದುರು ಇದನ್ನು ಹೇಳಬೇಡ, ಜಗಳ ಆಗುತ್ತದೆ.

ನೀನು ಸೇರಿದ ಸ್ವಲ್ಪ ದಿನಕ್ಕೇ ವಿಟ್ಲಪಿಂಡಿ ಬರುತ್ತದೆ. ಅಷ್ಟಮಿಯ ಮರುದಿನ. ಕ್ಲಾಸು ಇದ್ದರೂ ಹೇಗಾದರೂ ಮಾಡಿ ಹೋಗು, ನಾನು ಹೇಳಿದೆ ಅಂತ ನಿನ್ನ ಅಮ್ಮನಿಗೆ ಹೇಳಬೇಡ (ಓದುತ್ತಿರುವುದು ಅವರೇ ಅಲ್ವಾ, ಆಯಿತು ಬಿಡು). ನಮ್ಮಲ್ಲಿ ದಹಿ ಹಂಡಿ ಅಂದರೆ ಗೋವಿಂದರ ಗೋಪುರ, ಕ್ರೇನು, ಡಿಜೆ, ನಾಯಕರ ಫ್ಲೆಕ್ಸು. ಅಲ್ಲಿ ರಥಬೀದಿಯಲ್ಲಿ ಮರದ ಗುರ್ಜಿ ನೆಟ್ಟು ಮಡಕೆ ಕಟ್ಟಿರುತ್ತಾರೆ. ಗೊಲ್ಲರ ವೇಷದವರು ಕೋಲಿನಲ್ಲಿ ಒಡೆಯುತ್ತ ಹೋಗುತ್ತಾರೆ. ಹಿಂದೆ ಚಿನ್ನದ ರಥದಲ್ಲಿ ಮಣ್ಣಿನ ಕೃಷ್ಣ. ಬೀದಿ ತುಂಬ ಹುಲಿವೇಷ. ತಾಸೆ ವಾದ್ಯದ ಪೆಟ್ಟು ಎದೆಗೆ ಬೀಳುತ್ತದೆ. ಹುಲಿಗಳ ಮೈಗೆ ಬಣ್ಣ ಬಳಿದಿರುತ್ತಾರೆ, ಒತ್ತಿ ನಿಂತರೆ ನಿನ್ನ ಬಟ್ಟೆಗೂ ಹತ್ತುತ್ತದೆ. ಹಳೇ ಚೂಡಿದಾರ್ ಹಾಕಿಕೋ. ಒಂದು ಎಚ್ಚರ. ಉಡುಪಿ ಮಠದವರು ಸೌರಮಾನದ ಲೆಕ್ಕ ಹಿಡಿಯುತ್ತಾರೆ. ಮುಂಬಯಿ ಮನೆಯ ಗೋಡೆಯಲ್ಲಿರುವ ಮರಾಠಿ ಕ್ಯಾಲೆಂಡರಿನ ಅಷ್ಟಮಿಯೂ ಅಲ್ಲಿನ ಅಷ್ಟಮಿಯೂ ಎಷ್ಟೋ ವರ್ಷ ಬೇರೆ ಬೇರೆ ದಿನ, ಕೆಲವು ಸಲ ತಿಂಗಳೇ ಬೇರೆ. ಅಲ್ಲೇ ವಿಚಾರಿಸು.

ಇನ್ನು ನಿನ್ನ ಕನ್ನಡ. ಓದಲು ಬರದಿದ್ದರೂ ಮಾತಾಡಲು ಬರುತ್ತದಲ್ಲ, ಅದು ಅಲ್ಲಿ ದೊಡ್ಡ ಬಂಡವಾಳ. ಕಿವಿಗೆ ತುಳು, ಕೊಂಕಣಿ ಜಾಸ್ತಿ ಬೀಳುತ್ತದೆ. ಆದರೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ 'ನಿಂಗೆ ಊರು ಎಲ್ಲಾಯ್ತು?' ಅಂತ ಕೇಳಿಯೇ ಕೇಳುತ್ತಾರೆ. 'ಮುಂಬಯಿ' ಅಂತ ಹೇಳಿ ಫೋನು ನೋಡುತ್ತ ಕೂರಬೇಡ. ಅಜ್ಜನ ಊರು ಹೇಳು. ಹಿರಿಯಡ್ಕವೋ, ಬ್ರಹ್ಮಾವರವೋ, ಬೈಂದೂರೋ. ಕೂಡಲೇ ಅವರ ಭಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟದ್ದು, ತಮ್ಮ ಕುರ್ಲಾದಲ್ಲಿ ಮನೆ ಮಾಡಿದ್ದು, ಈಗ ಆ ಹೋಟೆಲು ಯಾರ ಕೈಯಲ್ಲಿದೆ ಎಂಬಲ್ಲಿಯವರೆಗೆ ಎಲ್ಲ ಹೊರಗೆ ಬರುತ್ತದೆ. ಆ ಕಡೆ ಬೊಂಬಾಯಿಯ ನಂಟಿಲ್ಲದ ಮನೆ ಹುಡುಕಬೇಕು. ದಿಲ್ಲಿಯಿಂದ ಬಂದ ನಿನ್ನ ರೂಮ್‌ಮೇಟಿಗೆ ಇದು ಸಿಗುವುದಿಲ್ಲ. ಓದುವುದನ್ನು ಬಸ್ಸಿನ ಬೋರ್ಡಿನಿಂದಲೇ ಕಲಿ. ಮಣಿಪಾಲ, ಮಲ್ಪೆ, ಪರ್ಕಳ, ಕಾಪು, ಕಾರ್ಕಳ. ಅಕ್ಷರ ಎಷ್ಟು ಬೇಗ ಹಿಡಿತಕ್ಕೆ ಬರುತ್ತದೆ ನೋಡು.

ಕಡಲಿಗೆ ಅವಸರ ಬೇಡ. ಮಳೆಗಾಲದಲ್ಲಿ ಮಲ್ಪೆಯನ್ನು ದಡದಲ್ಲಿ ನಿಂತು ನೋಡಬೇಕು, ಇಳಿಯಬಾರದು. ಜುಹೂ ನೋಡಿದವಳು ಅಂತ ಧೈರ್ಯ ತೋರಿಸಬೇಡ. ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಆಗ ದೋಣಿಯೂ ಇರುವುದಿಲ್ಲ. ಮಳೆ ನಿಂತು ಕಡಲು ತಣ್ಣಗಾದ ಮೇಲೆ ಬಿಡುತ್ತಾರೆ. ಅಲ್ಲಿನ ಕಲ್ಲುಕಂಬಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ಆರಿ ಆದದ್ದು, ಸುಮಾರು 8.8 ಕೋಟಿ ವರ್ಷ ಹಳೇದು. ಕಾಪುವಿನ ದೀಪಸ್ತಂಭ 1901ರದ್ದು. ಮಂಗಳೂರು ಕಡೆಯ ಬಸ್ಸು ಹತ್ತಿ ಕಾಪುವಿನಲ್ಲಿ ಇಳಿದರಾಯಿತು. ಮೇಲೆ ಹತ್ತಲು ಸಾಮಾನ್ಯವಾಗಿ ಸಂಜೆ ಹೊತ್ತು ಬಿಡುತ್ತಾರೆ.

ಮಣಿಪಾಲದಲ್ಲೇ ಹಸ್ತಶಿಲ್ಪ ಎಂಬ ಹೆರಿಟೇಜ್ ವಿಲೇಜ್ ಇದೆ. ವಿಜಯನಾಥ ಶೆಣೈಯವರು ಬೇರೆ ಬೇರೆ ಕಡೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗು. ನಿನ್ನ ವಯಸ್ಸಿಗೆ ಅರ್ಧ ಗಂಟೆಯಲ್ಲಿ ಸಾಕಾಗುತ್ತದೆ, ಅಮ್ಮ ಅಲ್ಲಿಂದ ಏಳುವುದಿಲ್ಲ.

ಪ್ರಶ್ನೆ: ನಮ್ಮ ಮಗ ಮೊದಲ ಸಲ ಮನೆ ಬಿಟ್ಟು ಹಾಸ್ಟೆಲಿಗೆ ಹೋಗಿದ್ದಾನೆ. ದಿನಕ್ಕೆ ಒಂದೇ ಸಲ ಫೋನು ಮಾಡುತ್ತಾನೆ, ಅದೂ ಎರಡು ನಿಮಿಷ. ರ್‍ಯಾಗಿಂಗ್ ಏನಾದರೂ ಇದೆಯಾ ಅಂತ ನನಗೆ ನಿದ್ದೆ ಬರುವುದಿಲ್ಲ.
ಚಿಂಚ್‌ವಡದ ತಾಯಿ, ಪುಣೆ

ಉತ್ತರ: ಅಮ್ಮಾ, ದಿನಕ್ಕೊಂದು ಫೋನು ಬರುತ್ತಿದ್ದರೆ ನೀವು ಪುಣ್ಯವಂತರು. ನಾನು ಓದುವಾಗ ಮನೆಗೆ ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದೆ. ಅದು ಘಾಟ್‌ಕೋಪರ್ ಮುಟ್ಟುವ ಹೊತ್ತಿಗೆ ಅದರಲ್ಲಿ ಬರೆದ ಜ್ವರ ವಾಸಿಯಾಗಿರುತ್ತಿತ್ತು. ಎರಡು ನಿಮಿಷ ಮಾತಾಡುವ ಹುಡುಗ ಸಾಧಾರಣ ಚೆನ್ನಾಗಿಯೇ ಇರುತ್ತಾನೆ. ಊಟ ಬಿಟ್ಟಿದ್ದಾನಾ, ಕ್ಲಾಸಿಗೆ ಹೋಗುತ್ತಿಲ್ಲವಾ, ಇದ್ದಕ್ಕಿದ್ದಂತೆ ದುಡ್ಡು ಜಾಸ್ತಿ ಕೇಳುತ್ತಾನಾ, ಗಮನಿಸಬೇಕಾದ್ದು ಅದು.

ಆದರೂ ನಿಮ್ಮ ಹೆದರಿಕೆ ಸುಳ್ಳಲ್ಲ. ರ್‍ಯಾಗಿಂಗ್ ವಿರುದ್ಧ ಯುಜಿಸಿಯ ನಿಯಮ 2009ರಿಂದ ಇದೆ. ಅಡ್ಮಿಶನ್ ಹೊತ್ತಿಗೆ ಮಗನೂ ನೀವೂ ಸಹಿ ಹಾಕಿದ ಮುಚ್ಚಳಿಕೆ ಅದರದ್ದೇ. ದಿನದ 24 ಗಂಟೆಯೂ ನಡೆಯುವ ರಾಷ್ಟ್ರೀಯ ಸಹಾಯವಾಣಿ 1800-180-5522. ನಂಬರು ನಿಮ್ಮ ಫೋನಿನಲ್ಲೂ ಅವನ ಫೋನಿನಲ್ಲೂ ಇರಲಿ. ದಿನಾ 'ಯಾರಾದರೂ ಏನಾದರೂ ಅಂದರಾ' ಅಂತ ಕೇಳಬೇಡಿ. ಕೇಳಿ ಕೇಳಿ ಅವನು ಹೇಳಬೇಕಾದ ದಿನವೂ 'ಏನಿಲ್ಲ' ಅನ್ನುತ್ತಾನೆ. ಭಾನುವಾರ ಎಲ್ಲಿಗೆ ಹೋಗಿದ್ದೆ, ಏನು ತಿಂದೆ ಅಂತ ಕೇಳಿ. ಅದಕ್ಕೆ ಗಂಡುಮಕ್ಕಳು ಉತ್ತರ ಕೊಡುತ್ತಾರೆ. ಮತ್ತೆ ಮತ್ತೆ 'ಎಲ್ಲೂ ಹೋಗಿಲ್ಲ, ರೂಮಲ್ಲೇ ಇದ್ದೆ' ಅಂದರೆ ಒಂದು ಸಲ ನೀವೇ ಹೋಗಿ ನೋಡಿ ಬನ್ನಿ.

ಪ್ರಶ್ನೆ: ನಾನು ಮಣಿಪಾಲಕ್ಕೆ ಬಂದು ಒಂದು ತಿಂಗಳಾಯಿತು. ಸಂಜೆ ಕಳೆಯುವುದೇ ಕಷ್ಟ. ಬೈಕ್ ಇದ್ದರೆ ಆಗುಂಬೆ, ಕಾರ್ಕಳ ಎಲ್ಲ ಸುತ್ತಬಹುದಿತ್ತು. ಅಪ್ಪ ಕೊಡಿಸುವುದಿಲ್ಲ. ನೀವು ಬರೆದರೆ ಕೇಳಿಯಾರು.
ವಾಸ್ಕೋದ ಹುಡುಗ, ಗೋವಾ

ಉತ್ತರ: ತಮ್ಮಾ, ನಾನು ನಿನ್ನ ಅಪ್ಪನ ಪಕ್ಷ. ಗೋವಾದಲ್ಲಿ ಎಂಟನೇ ಕ್ಲಾಸಿನಿಂದ ಸ್ಕೂಟರ್ ಓಡಿಸಿದ್ದೇನೆ ಅಂತ ನೀನು ಹೇಳಬಹುದು, ಹಾಗೆ ಹೇಳುವುದೂ ತಪ್ಪೇ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಗುಡ್ಡದ ಇಳಿಜಾರು, ರಸ್ತೆಗೆ ಹರಿದು ಬಂದ ಕೆಂಪು ಮಣ್ಣು, ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು. ಮೊದಲ ವರ್ಷ ಬಸ್ಸಿನಲ್ಲೇ ಓಡಾಡು.

ಬಸ್ಸಿಗೆ ಹೋಗದ ಜಾಗ ನೀನು ಹೇಳಿದ ಪಟ್ಟಿಯಲ್ಲಿ ಒಂದೂ ಇಲ್ಲ. ಕಾರ್ಕಳದ ಬಸ್ಸು ಪರ್ಕಳ, ಹಿರಿಯಡ್ಕ ದಾಟಿ ಹೋಗುತ್ತದೆ. ಬಂಡೆ ಕಡಿದು ಮಾಡಿದ ಮೆಟ್ಟಿಲು ಹತ್ತಿದರೆ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಎದುರು ಗುಡ್ಡದಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ. ಬಿಸಿಲೇರುವ ಮೊದಲು ಹತ್ತು. ಅಲ್ಲಿಂದ ಹೆಬ್ರಿ ಕಡೆಗೆ ಹೋದರೆ ವರಂಗ. ಕೆರೆಯ ನಡುವೆ ಬಸದಿ, ದೋಣಿಯಲ್ಲಿ ಹೋಗಬೇಕು. ನನ್ನನ್ನು ಕೇಳಿದರೆ ಆ ಸುತ್ತಿನಲ್ಲಿ ಅದಕ್ಕಿಂತ ಚೆಂದದ ಜಾಗ ಇಲ್ಲ. ಆಗುಂಬೆಗೆ ಉಡುಪಿಯಿಂದ ಮಿನಿ ಬಸ್ಸು. ಸೋಮೇಶ್ವರದಿಂದ ಮೇಲಕ್ಕೆ 14 ಹಿಮ್ಮುರಿ ತಿರುವು. ಡ್ರೈವರು ಒಂದೊಂದನ್ನೂ ಕತ್ತರಿಸಿ ಕತ್ತರಿಸಿ ಹತ್ತಿಸುವುದನ್ನು ಮುಂದಿನ ಸೀಟಿನಲ್ಲಿ ಕೂತು ನೋಡಿದರೆ ಬೈಕಿನ ಆಸೆ ಸ್ವಲ್ಪ ಇಳಿಯುತ್ತದೆ. ಸೂರ್ಯಾಸ್ತ ನೋಡುವುದಿದ್ದರೆ ಮಳೆ ಬಿಟ್ಟ ಮೇಲೆ ಹೋಗು, ಈಗ ಹೋದರೆ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಕೊನೇ ಬಸ್ಸು ಯಾವಾಗ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೋ.

ಮಳೆಯಲ್ಲಿ ಕಾಡಿಗೆ ಇಳಿದರೆ ಉಂಬಳ ಹತ್ತುತ್ತದೆ. ಹಿಡಿದು ಎಳೆಯಬೇಡ. ಉಪ್ಪು ಮುಟ್ಟಿಸು, ತಾನೇ ಬೀಳುತ್ತದೆ. ರಕ್ತ ಸ್ವಲ್ಪ ಹೊತ್ತು ಜಿನುಗುತ್ತಲೇ ಇರುತ್ತದೆ, ಏಕೆಂದರೆ ಅದು ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಟ್ಟಿರುತ್ತದೆ. ಸೋಪು ನೀರಿನಲ್ಲಿ ತೊಳೆದು ಒತ್ತಿ ಹಿಡಿದರೆ ಸಾಕು.

ಸಂಜೆಯ ವಿಷಯ. ಎಂಡ್ ಪಾಯಿಂಟ್‌ವರೆಗೆ ನಡೆ, ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಅದು ಬೇಸರವಾದರೆ ಮಣ್ಣಪಳ್ಳ ಕೆರೆ ಸುತ್ತು. ಅದೂ ಬೇಸರವಾದರೆ ಪರ್ಕಳಕ್ಕೆ ಹೋಗಿ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಬನ್ಸು, ಚಾ. ಕ್ಯಾಂಪಸ್ಸಿನಿಂದ ಸ್ವಲ್ಪವೇ ದೂರ, ಆದರೆ ಅಲ್ಲಿ ಯಾರೂ ಸೆಮಿಸ್ಟರ್ ಬಗ್ಗೆ ಮಾತಾಡುವುದಿಲ್ಲ. ದೀಪಾವಳಿ ಕಳೆದ ಮೇಲೆ ನಿನಗೆ ಸಂಜೆ ಸಾಲದು. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮೇ ತಿಂಗಳವರೆಗೂ ಎಲ್ಲಾದರೂ ಒಂದು ಕಡೆ ಆಟ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದಾಗ ನಾವು ಎಸಿ ಹಾಲಿನಲ್ಲಿ ಕೂತು ನೋಡುತ್ತೇವೆ. ನೀನು ಗದ್ದೆಯಲ್ಲಿ ಕುರ್ಚಿ ಹಾಕಿ, ತಲೆಗೆ ಶಾಲು ಸುತ್ತಿ, ಚುರುಮುರಿ ತಿನ್ನುತ್ತ ನೋಡು. ಈಗ ಕಾಲಮಿತಿ ಆಟ ಜಾಸ್ತಿ, ನಡುರಾತ್ರಿಗೆ ಮುಗಿಯುತ್ತದೆ. ಹಾಸ್ಟೆಲಿನ ಗೇಟು ಯಾವಾಗ ಹಾಕುತ್ತಾರೆ ಅಂತ ನೋಡಿಕೊಂಡು ಹೋಗು.

ಅಂದಹಾಗೆ ನಿನ್ನ ಊರಿಗೆ ಹೆಸರು ಕೊಟ್ಟ ವಾಸ್ಕೋ ಡ ಗಾಮ 1498ರಲ್ಲಿ ಮಲ್ಪೆಯ ಆ ದ್ವೀಪದಲ್ಲಿ ಇಳಿದಿದ್ದ ಅಂತ ಪ್ರತೀತಿ. ಗೆಳೆಯರ ಮುಂದೆ ಜಂಬ ಕೊಚ್ಚಲು ಇಷ್ಟು ಸಾಕಲ್ವಾ, ಬೈಕು ಯಾಕೆ?

ಪ್ರಶ್ನೆ: ಮಗಳ ಬ್ಯಾಗಿನಲ್ಲಿ ಔಷಧಿ ಏನೇನು ಹಾಕಿ ಕಳಿಸಲಿ? ಒಂದು ಡಬ್ಬಿ ತುಂಬ ತುಂಬಿಸಿದ್ದೇನೆ.
ಠಾಣೆಯ ಓದುಗರು

ಉತ್ತರ: ಡಬ್ಬಿಯಲ್ಲಿ ಅರ್ಧ ತೆಗೆದುಬಿಡಿ. ಅದು ಆಸ್ಪತ್ರೆಯ ಊರು, ಹೆಜ್ಜೆಗೊಂದು ಮೆಡಿಕಲ್ ಅಂಗಡಿ ಇದೆ. ಪ್ಯಾರಾಸಿಟಮಾಲ್, ಓಆರ್‌ಎಸ್, ಬ್ಯಾಂಡೇಜು, ಅವಳಿಗೆ ಮೊದಲೇ ಡಾಕ್ಟರು ಬರೆದುಕೊಟ್ಟದ್ದು ಏನಾದರೂ ಇದ್ದರೆ ಅದು. ಆ್ಯಂಟಿಬಯಾಟಿಕ್ ಬೇಡವೇ ಬೇಡ. ಮಕ್ಕಳು ಸ್ವಂತ ಬುದ್ಧಿಯಿಂದ ನುಂಗುತ್ತಾರೆ. ನಿಜವಾಗಿ ಬೇಕಾಗುವುದು ಕಾಲಿಗೆ ಹಾಕುವ ಫಂಗಸ್ ಪೌಡರು. ಮಳೆಯಲ್ಲಿ ಒದ್ದೆ ಶೂ ಹಾಕಿಕೊಂಡು ಬೆರಳ ಸಂದು ಬೆಳ್ಳಗೆ ಬೆಂದು ಕೆರೆತ ಶುರುವಾಗುತ್ತದೆ. ಶೂ ಬದಲು ರಬ್ಬರ್ ಸ್ಯಾಂಡಲ್ ಕಳಿಸಿ. ಚರ್ಮದ ಬೆಲ್ಟು, ಚಪ್ಪಲಿ ಏನೂ ಬೇಡ, ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಜೀನ್ಸ್ ಒಂದು ಸಾಕು, ಒಣಗುವುದೇ ಇಲ್ಲ. ರೂಮಿನೊಳಗೆ ಕಟ್ಟಲು ನೈಲಾನ್ ಹಗ್ಗ, ಕ್ಲಿಪ್ಪು ಹಾಕಿ.

ಜ್ವರ ಎರಡು ದಿನ ಇಳಿಯದಿದ್ದರೆ ರೂಮಿನಲ್ಲಿ ಮಲಗಿಕೊಂಡಿರಬಾರದು. ಆ ಕಡೆ ಮಳೆಗಾಲದಲ್ಲಿ ಡೆಂಗ್ಯೂ ಜೊತೆ ಇಲಿಜ್ವರವೂ ಇದೆ. ಕಾಲಿಗೆ ಗಾಯ ಇದ್ದಾಗ ನಿಂತ ನೀರಿನಲ್ಲಿ ನಡೆದಿದ್ದರೆ ಅದನ್ನು ಡಾಕ್ಟರಿಗೆ ಹೇಳಲು ಹೇಳಿ.

ಪ್ರಶ್ನೆ: ಗಣೇಶ ಚೌತಿಗೆ ಮಗ ಮನೆಗೆ ಬರಬೇಕು ಅಂತ ಅಜ್ಜಿಯ ಹಟ. ಟಿಕೆಟ್ ಸಿಗುತ್ತದಾ?
ಅಂಧೇರಿಯ ಓದುಗರು

ಉತ್ತರ: ಈಗ ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ವರೆಗೆ 120 ದಿನ ಇತ್ತು, ಹಳೇ ಲೆಕ್ಕದಲ್ಲಿ ಇರಬೇಡಿ. ಚೌತಿಗೆ ಮೊದಲು ಮುಂಬಯಿಯಿಂದ ಹೊರಡುವ ಗಾಡಿಗಳಲ್ಲಿ ಕೊಂಕಣದವರ ನೂಕುನುಗ್ಗಲು. ನಿಮ್ಮ ಮಗ ಬರುವುದು ಎದುರು ದಿಕ್ಕಿನಲ್ಲಿ, ಹಾಗಾಗಿ ಅವನಿಗೆ ಸಿಗುವ ಸಾಧ್ಯತೆ ಜಾಸ್ತಿ. ವಾಪಸ್ ಹೋಗುವ ಟಿಕೆಟನ್ನೂ ತೆರೆದ ದಿನವೇ ಮಾಡಿಸಿ. ಕುರ್ಲಾ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧದಲ್ಲಿ ಹೋದರೆ ಮರುದಿನ ಉಡುಪಿ. ಸ್ಟೇಷನ್ ಇಂದ್ರಾಳಿಯಲ್ಲಿದೆ, ಉಡುಪಿಗೂ ಮಣಿಪಾಲಕ್ಕೂ ನಡುವೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ. ಅದೇ ದಿನ ಬೆಳಿಗ್ಗೆ ಪರೀಕ್ಷೆ ಇದ್ದರೆ ಒಂದು ದಿನ ಮುಂಚೆ ಕಳಿಸಿ.

1998ರ ಜನವರಿಯಲ್ಲಿ ಈ ದಾರಿ ಪೂರ್ತಿ ತೆರೆಯುವವರೆಗೆ ಗತಿ ಬಸ್ಸೇ ಆಗಿತ್ತು. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ಎಲ್ಲ ದಾಟಿ ಅಂಕೋಲಾದಲ್ಲಿ ಘಟ್ಟ ಇಳಿಯುವ ಹೊತ್ತಿಗೆ ಸೊಂಟ ನಮ್ಮದಾಗಿರುತ್ತಿರಲಿಲ್ಲ. ಚೌತಿಗೆ ಬಾ ಅಂತ ನನ್ನ ಅಜ್ಜಿ ಹಟ ಮಾಡಿದವರೇ ಅಲ್ಲ. ಅವರು ಆ ಬಸ್ಸಿನಲ್ಲಿ ಬಂದಿದ್ದರು.